ಐವತ್ತೆರಡು ಹೊಸ ಹಾಡು ಬೇಡ, ಏಳು ಪಲ್ಲವಿ ಸಾಕು

ಪ್ರಶ್ನೆ: ನಮ್ಮದು ಮಲೆನಾಡಿನ ಒಂದು ಸಣ್ಣ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ, ಪ್ರಾಟೆಸ್ಟಂಟ್ ಪಂಗಡ) ಸಭೆ. ಭಾನುವಾರ ಎಂಬತ್ತು ತೊಂಬತ್ತು ಜನ ಸೇರುತ್ತಾರೆ. ಈ ವರ್ಷ ಗಾಯನವೃಂದದ ಹೊಣೆ ನನ್ನ ಮೇಲೆ ಬಿದ್ದಿದೆ. ಹಿರಿಯರಿಗೆ ಹಳೆಯ ಸಂಗೀತಗಳೇ ಬೇಕು. ಯುವಕರು ಮೊಬೈಲಿನಲ್ಲಿ ಕೇಳಿದ ಇಂಗ್ಲಿಷ್, ಹಿಂದಿ ಹಾಡುಗಳನ್ನು ಕನ್ನಡಕ್ಕೆ ತಿರುಗಿಸಿ ತರುತ್ತಾರೆ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಿಂದ ಹಿಡಿದು, ಈಸ್ಟರಿನಿಂದ ಐವತ್ತನೆಯ ದಿನ ಬರುವ ಪೆಂತೆಕೊಸ್ತಿನ ಆಚೆಗೂ, ಆಯಾ ಕಾಲಕ್ಕೆ ಮತ್ತು ಆಯಾ ಭಾನುವಾರಕ್ಕೆ ನೇಮಿಸಿದ ಬೈಬಲಿನ ಕೀರ್ತನೆಗೆ ಹೊಂದುವ ಹೊಸ ಹಾಡುಗಳನ್ನು ನಾವೇ ಕಟ್ಟಬಹುದೇ? ನನಗೆ ಸ್ವಲ್ಪ ಹಾರ್ಮೋನಿಯಂ ಬರುತ್ತದೆ. ಕರ್ನಾಟಕ ಸಂಗೀತವನ್ನು ಜೂನಿಯರ್ ಪರೀಕ್ಷೆಯವರೆಗೆ ಕಲಿತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಧಾರಾಳವಾಗಿ ಕಟ್ಟಬಹುದು. ಆದರೆ ವಾರಕ್ಕೊಂದು ಹೊಸ ಹಾಡು ಎಂಬ ಆಸೆಯನ್ನು ಮೊದಲು ಬಿಡಿ. ವಾರಕ್ಕೊಂದು ಹಾಡು ಹೊಸೆಯಲು ಹೊರಟ ಗಾಯನವೃಂದಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೂರನೆಯ ವಾರಕ್ಕೆ ಮಾತು ತೆಳುವಾಗುತ್ತದೆ, ಐದನೆಯ ವಾರಕ್ಕೆ ಸಭೆ ಬಾಯಿ ಮುಚ್ಚಿ ಕೂರುತ್ತದೆ. ಹೊಸ ಹಾಡು ಜನರ ಬಾಯಿಗೆ ಹತ್ತಲು ಕನಿಷ್ಠ ನಾಲ್ಕು ಭಾನುವಾರ ಬೇಕು. ಆಗಮನ ಕಾಲದಲ್ಲಿ ಇರುವುದೂ ನಾಲ್ಕೇ ಭಾನುವಾರ. ಹಾಗಾಗಿ ಕಾಲಕ್ಕೊಂದು ಪಲ್ಲವಿ ಕಟ್ಟಿ. ಚರಣಗಳು ವಾರವಾರಕ್ಕೆ ಬದಲಾಗಲಿ, ಪಲ್ಲವಿ ನಿಲ್ಲಲಿ.

ಇದು ನಾನು ಕಂಡುಹಿಡಿದ ಉಪಾಯವಲ್ಲ. 136ನೆಯ ಕೀರ್ತನೆಯನ್ನು ತೆರೆದು ನೋಡಿ: ಇಪ್ಪತ್ತಾರು ವಚನ, ಪ್ರತಿ ವಚನದ ಕೊನೆಗೂ ಆತನ ಕೃಪೆ ಶಾಶ್ವತ ಎಂಬ ಒಂದೇ ಮಾತು. ಒಬ್ಬರು ಹೇಳುವುದಕ್ಕೆ, ಉಳಿದವರು ಮರುನುಡಿಯುವುದಕ್ಕೆ ಎಂದೇ ಕಟ್ಟಿದ ಹಾಗಿದೆ. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕ ಸಭೆ ಆರಾಧನೆಯಲ್ಲಿ ಓದುವ ಬೈಬಲ್ ಪಾಠಗಳ ಪಟ್ಟಿಯನ್ನು ಹೊಸದಾಗಿ ಮಾಡಿದಾಗಲೂ ಈ ಜಾಣತನ ತೋರಿಸಿತು. ವಾರವಾರಕ್ಕೆ ಬೇರೆ ಬೇರೆ ಕೀರ್ತನೆಗಳನ್ನು ಹಾಡಲು ಕಷ್ಟಪಡುವ ಸಭೆಗಳಿಗಾಗಿ ಇಡೀ ಕಾಲಕ್ಕೆ ಸಲ್ಲುವ ಕೆಲವು ಕೀರ್ತನೆಗಳನ್ನೂ ಪಲ್ಲವಿಗಳನ್ನೂ ಅದು ಪ್ರತ್ಯೇಕವಾಗಿ ಕೊಟ್ಟಿದೆ. ನೀವು ಸಿ.ಎಸ್.ಐ. ಆದರೂ ಆ ಬುದ್ಧಿಯನ್ನು ಕಡ ತರಲು ಯಾರ ಅಡ್ಡಿಯೂ ಇಲ್ಲ.

ನಮ್ಮ ಭಾಷೆಗಂತೂ ಈ ಪದ್ಧತಿ ಹುಟ್ಟಿನಿಂದಲೇ ಗೊತ್ತು. ಇಂಗ್ಲಿಷಿನವರು ‘ಸಾಮ್ಸ್’ ಎಂಬ ಗ್ರೀಕ್ ಮೂಲದ ಹೆಸರಿನಿಂದ ಕರೆಯುವ ಬೈಬಲಿನ ಪುಸ್ತಕಕ್ಕೆ ನಮ್ಮ ಅನುವಾದಕರು ‘ಕೀರ್ತನೆಗಳು’ ಎಂದು ಹೆಸರಿಟ್ಟರು. ಪುರಂದರದಾಸರ ರಚನೆಗೂ ಅದೇ ಹೆಸರು. ಹೆಸರನ್ನು ತೆಗೆದುಕೊಂಡೆವು, ಅದರ ಜೊತೆ ಬಂದ ಪಲ್ಲವಿ, ಚರಣಗಳ ಕಟ್ಟಡವನ್ನು ಬಾಗಿಲ ಹೊರಗೇ ಬಿಟ್ಟೆವು. ನನಗೆ ಇದು ಇಂದಿಗೂ ಬಿಡಿಸಲಾಗದ ಒಗಟು. ಏಕೆಂದರೆ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಜರ್ಮನ್ ನುಡಿಯ ಪಾದ್ರಿಗಳಿಗೆ ಈ ಸಂಪತ್ತು ಗೊತ್ತಿಲ್ಲದೆ ಇರಲಿಲ್ಲ. ಹರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರು. ಫರ್ಡಿನಂಡ್ ಕಿಟ್ಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನೇ ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಹೊರತಂದರು. ಇಷ್ಟಾದರೂ ಭಾನುವಾರದ ಪೀಠದ ಮುಂದೆ ಗೆದ್ದದ್ದು ಜರ್ಮನ್ ರಾಗಗಳೇ. ಅವು ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ನಿಮ್ಮ ಹಿರಿಯರು ಅವುಗಳಲ್ಲಿ ಅತ್ತಿದ್ದಾರೆ, ಮದುವೆಯಾಗಿದ್ದಾರೆ, ಹೆತ್ತವರನ್ನು ಮಣ್ಣು ಮಾಡಿದ್ದಾರೆ. ಅವುಗಳನ್ನು ಕೀಳುವ ಯೋಚನೆಗೆ ಹೋಗಲೇಬೇಡಿ. ಹೊಸದನ್ನು ಕಟ್ಟುವಾಗ ಮಾತ್ರ ಅವುಗಳ ಅಚ್ಚನ್ನು ಬಳಸಬೇಡಿ. ಕಾರಣ ಹೇಳುತ್ತೇನೆ.

ಯೂರೋಪಿನ ಸ್ತೋತ್ರಗಳಲ್ಲಿ ಅರ್ಧಕ್ಕರ್ಧ ಒತ್ತಿಲ್ಲದ ಅಕ್ಷರದಿಂದ ಆರಂಭವಾಗುತ್ತವೆ; ಪೆಟ್ಟು ಬೀಳುವುದು ಎರಡನೆಯ ಅಕ್ಷರದ ಮೇಲೆ. ಇಂಗ್ಲಿಷಿನಲ್ಲಿ ವಾಕ್ಯ ಶುರುವಾಗುವುದೇ ಚಿಲ್ಲರೆ ಪದಗಳಿಂದ, ಹಾಗಾಗಿ ಅವರಿಗೆ ಅದು ಸಹಜ. ಕನ್ನಡದ ಪದ ಮೊದಲ ಅಕ್ಷರದಲ್ಲೇ ಕಾಲೂರುತ್ತದೆ. ‘ಕುರುಬ’ ಎಂಬ ಪದದ ‘ಕು’ವನ್ನು ಪೆಟ್ಟಿಲ್ಲದ ಜಾಗಕ್ಕೆ ದೂಡಿ ‘ರು’ವಿಗೆ ಪೆಟ್ಟು ಕೊಟ್ಟರೆ ಕಿವಿಗೆ ಪರದೇಶಿಯೊಬ್ಬ ಕನ್ನಡ ಓದಿದಂತೆ ಕೇಳಿಸುತ್ತದೆ. ಒತ್ತಿಗಿಂತ ದೊಡ್ಡದು ಹ್ರಸ್ವ ದೀರ್ಘದ ಗಂಡಾಂತರ. ನಾನು ಮೊದಲು ರಾಗ ಹಾಕಿದ ಕೀರ್ತನೆಯಲ್ಲಿ ‘ಕರ್ತನೇ ನನ್ನ ಬಲ’ ಎಂಬ ಸಾಲಿತ್ತು. ಕೊನೆಗೆ ಬರುವ ಗಂಭೀರವಾದ ಉದ್ದನೆಯ ಸ್ವರವನ್ನು ‘ಬ’ದ ಮೇಲೆ ಇಟ್ಟೆ. ಇಡೀ ಸಭೆ ಭಕ್ತಿಯಿಂದ ‘ಕರ್ತನೇ ನನ್ನ ಬಾಲ’ ಎಂದು ಹಾಡಿತು. ಭಾನುವಾರ ಶಾಲೆಯ ಮಕ್ಕಳು ನಗೆ ತಡೆಯಲಾರದೆ ಬೆಂಚಿನ ಕೆಳಗೆ ಸೇರಿದರು. ತಪ್ಪು ಮಕ್ಕಳದ್ದಲ್ಲ.

ಹಾಗಾಗಿ ರಾಗ ಆಮೇಲೆ, ಮಾತ್ರೆ ಮೊದಲು. ಸಾಲನ್ನು ಬರೆದು ಲಘುವಿಗೆ ಒಂದು, ಗುರುವಿಗೆ ಎರಡು ಎಂದು ಎಣಿಸಿ. ಶಾಲೆಯಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿದ್ದರೆ ಅರ್ಧ ಕೆಲಸ ಮುಗಿದಂತೆ.

ಆಗಮನ ಕಾಲಕ್ಕೆ 80ನೆಯ ಕೀರ್ತನೆಯನ್ನು ತೆಗೆದುಕೊಳ್ಳೋಣ. ಹಲವು ಸಭೆಗಳು ಒಟ್ಟಾಗಿ ಬಳಸುವ ಮೂರು ವರ್ಷಗಳ ಪಾಠಪಟ್ಟಿಯಲ್ಲಿ, ಮಾರ್ಕನ ಸುವಾರ್ತೆಯ ವರ್ಷದ ಮೊದಲ ಭಾನುವಾರಕ್ಕೆ ನೇಮಿಸಿರುವುದು ಇದನ್ನೇ. ನಿಮ್ಮ ಡಯಾಸಿಸ್ (ಧರ್ಮಪ್ರಾಂತ) ಕೊಡುವ ಪಟ್ಟಿಯಲ್ಲಿ ಬೇರೆ ಇದ್ದರೂ ಅಡ್ಡಿಯಿಲ್ಲ, ಪಲ್ಲವಿ ಇಡೀ ಕಾಲಕ್ಕೆ ಸಲ್ಲುತ್ತದೆ. ಈ ಕೀರ್ತನೆಯ ಒಳಗೇ ಒಂದು ಪಲ್ಲವಿ ಅಡಗಿದೆ: 3, 7 ಮತ್ತು 19ನೆಯ ವಚನಗಳು ಒಂದೇ ಮೊರೆ. ಅದನ್ನು ನಾನು ಹೀಗೆ ಕಟ್ಟಿಕೊಂಡಿದ್ದೇನೆ:

ಮರಳಿ ನಮ್ಮನು ಎತ್ತು ದೇವರೆ,
ಮುಖವ ಬೆಳಗಿಸು, ನಾವು ಉಳಿವೆವು.

‘ಮರಳಿ’ ಮೂರು, ‘ನಮ್ಮನು’ ನಾಲ್ಕು, ‘ಎತ್ತು’ ಮೂರು, ‘ದೇವರೆ’ ನಾಲ್ಕು. ಎರಡನೆಯ ಸಾಲೂ ಹಾಗೆಯೇ. ಇದು ಭಾಮಿನಿ ಷಟ್ಪದಿಯ ಮೊದಲೆರಡು ಸಾಲುಗಳ ಅಳತೆ. ಕುಮಾರವ್ಯಾಸ ಭಾರತವನ್ನು ಕೇಳಿ ಬೆಳೆದ ನಾಡಿನಲ್ಲಿ ಈ ನಡೆಯನ್ನು ಯಾರಿಗೂ ಕಲಿಸಬೇಕಾಗಿಲ್ಲ. ತಾಳ ಮಿಶ್ರ ಛಾಪು, ‘ತಕಿಟ ತಕಧಿಮಿ’. ಏಳರ ಎಣಿಕೆಯಲ್ಲಿ ಒಂದು ಸಣ್ಣ ಕುಂಟು ಇದೆ, ಎಲ್ಲಿಯೂ ಪೂರ್ತಿ ನಿಲ್ಲಲು ಬಿಡುವುದಿಲ್ಲ. ಕಾಯುವವರ ನಡಿಗೆ ಅದೇ ಅಲ್ಲವೇ?

ಈ ಕೀರ್ತನೆಯಲ್ಲಿ ಇನ್ನೊಂದು ಸೊಗಸಿದೆ. ಮೊರೆ ಬಂದ ಪ್ರತಿಸಲವೂ ದೇವರ ಹೆಸರು ಬೆಳೆಯುತ್ತದೆ. ಮೊದಲು ಬರಿಯ ‘ದೇವರೇ’, ಆಮೇಲೆ ‘ಸೇನಾಧೀಶ್ವರ ದೇವರೇ’, ಕೊನೆಗೆ ‘ಯೆಹೋವನೇ, ಸೇನಾಧೀಶ್ವರ ದೇವರೇ’. ಜನರ ಸಾಲನ್ನು ಮುಟ್ಟಬೇಡಿ. ಆ ಹೆಸರನ್ನು ಮುಖ್ಯ ಗಾಯಕರು ತಾಳವಿಲ್ಲದೆ ಒಂದೊಂದು ಸಲ ಒಂದೊಂದು ಎತ್ತರದಲ್ಲಿ ಕರೆಯಲಿ. ಅದು ಇಳಿದು ಷಡ್ಜಕ್ಕೆ ಬಂದೊಡನೆ ಸಭೆ ‘ಮರಳಿ’ ಎಂದು ಎತ್ತಿಕೊಳ್ಳಲಿ. ಅಂದ ಹಾಗೆ ‘ಯೆಹೋವ’ ಎಂಬ ಪದ ಛಂದಸ್ಸಿಗೆ ತಲೆನೋವು. ಲಘುವಾದ ಮೇಲೆ ಗುರು, ಅಂದರೆ ‘ಲಗ’ದಿಂದ ಆರಂಭ. ಮಾತ್ರಾಗಣ ಹಾಗೆ ಆರಂಭವಾಗಬಾರದೆಂದು ನಮ್ಮ ಲಾಕ್ಷಣಿಕರು ಹೇಳುತ್ತಾರೆ, ಕಿವಿಯೂ ಒಪ್ಪುತ್ತದೆ. ತಾಳದ ಪೆಟ್ಟಿಗೆ ಮುಂಚೆ ‘ಯೆ’ಯನ್ನು ಎತ್ತಿಕೊಂಡು ‘ಹೋ’ವನ್ನು ಪೆಟ್ಟಿನ ಮೇಲೆ ಇಟ್ಟರೆ ಸರಿಹೋಗುತ್ತದೆ. ಜರ್ಮನ್ ರಾಗಗಳ ಆ ಪೆಟ್ಟಿಲ್ಲದ ಆರಂಭ ಕನ್ನಡಕ್ಕೆ ಒಗ್ಗುವುದು ಇಂಥ ಪದಗಳಲ್ಲಿ ಮಾತ್ರ. ಕಥೋಲಿಕರು ಬಳಸುವ ‘ಸರ್ವೇಶ್ವರ’ ಆರು ಮಾತ್ರೆಯ ಭಾರೀ ಪದ. ಅದಕ್ಕೆ ಬೇರೆ ಜಾಗ ಹುಡುಕಬೇಕು. ‘ಕರ್ತ’ನಷ್ಟು ಸಾಧು ಪದ ಇನ್ನೊಂದಿಲ್ಲ.

ಇನ್ನು ಚರಣಗಳು. ಇಲ್ಲಿಯೇ ಹೆಚ್ಚಿನವರು ಎಡವುವುದು. ವಾರದ ಕೀರ್ತನೆಯನ್ನು ಪದ್ಯಕ್ಕೆ ಇಳಿಸಲು ಹೋಗಿ ಪ್ರಾಸಕ್ಕಾಗಿ ಅರ್ಧ ವೇದವಾಕ್ಯವನ್ನು ಬಲಿ ಕೊಡುತ್ತಾರೆ. ಜಿನೀವಾದ ಸುಧಾರಕರು 1562ರ ಹೊತ್ತಿಗೆ 150 ಕೀರ್ತನೆಗಳನ್ನೂ ಫ್ರೆಂಚ್ ಪದ್ಯವಾಗಿಸಿ ಮುಗಿಸಿದ್ದರು, ನಿಜ. ಅವರ ಹತ್ತಿರ ಕವಿಗಳಿದ್ದರು, ಎರಡು ದಶಕಗಳ ಕಾಲಾವಕಾಶವೂ ಇತ್ತು. ನಿಮ್ಮ ಹತ್ತಿರ ಶನಿವಾರದ ಸಂಜೆ ಮಾತ್ರ ಇದೆ. ಗದ್ಯವನ್ನು ಗದ್ಯವಾಗಿಯೇ ಹಾಡಿ. ಅದಕ್ಕೆ ನಮ್ಮಲ್ಲಿ ಕಾವ್ಯವನ್ನು ರಾಗವಾಗಿ ಓದುವ ಗಮಕವಿದೆ. ತಾಳದ ಹಂಗಿಲ್ಲ, ರಾಗದ ನೆರಳುಂಟು, ಮಾತು ಸ್ಪಷ್ಟ. ಕೀರ್ತನೆಯ ಪ್ರತಿ ವಚನವೂ ಬಹುಮಟ್ಟಿಗೆ ಎರಡು ಹೋಳು. ಮೊದಲ ಹೋಳು ಹೇಳಿದ್ದನ್ನು ಎರಡನೆಯದು ಬೇರೆ ಮಾತಿನಲ್ಲಿ ಹೇಳುತ್ತದೆ, ಇಲ್ಲವೇ ಮುಂದಕ್ಕೆ ಒಯ್ಯುತ್ತದೆ. ‘ಯೆಹೋವನು ನನಗೆ ಕುರುಬನು’ ಒಂದು ಹೋಳು, ‘ಕೊರತೆಪಡೆನು’ ಇನ್ನೊಂದು. ಮೊದಲನೆಯದನ್ನು ಪಂಚಮದ ಮೇಲೆ ಮಾತಿನ ಓಟದಲ್ಲಿ ಹೇಳಿ ಕೊನೆಯ ಪದದಲ್ಲಿ ಸ್ವಲ್ಪ ತೂಗಿ ನಿಲ್ಲಿ. ಒಂದು ಉಸಿರಿನ ಮೌನ. ಎರಡನೆಯದನ್ನು ಮಧ್ಯಮದಿಂದ ಇಳಿಸಿ ಷಡ್ಜಕ್ಕೆ ತನ್ನಿ. ಎರಡು ಮೂರು ವಚನಕ್ಕೊಮ್ಮೆ ಪಲ್ಲವಿ. ಪುಸ್ತಕದಲ್ಲಿ ‘ಸೆಲಾ’ ಎಂದು ಅಚ್ಚಾಗಿರುತ್ತದಲ್ಲ, ಕೀರ್ತನೆಗಳಲ್ಲಿ 71 ಸಲ ಬರುವ ಆ ಪದದ ಅರ್ಥದ ಬಗ್ಗೆ ವಿದ್ವಾಂಸರಿಗೆ ಒಮ್ಮತವಿಲ್ಲ. ವಾದ್ಯಗಳಿಗೆ ಬಿಡುವ ಜಾಗ ಎಂಬುದು ಒಂದು ಊಹೆ. ಪಲ್ಲವಿ ಹಾಕಲು ನಾನು ಮೊದಲು ಹುಡುಕುವ ಜಾಗ ಅದೇ.

ಫ್ರಾನ್ಸಿನ ಯೇಸುಸಭೆಯ ಗುರು ಜೋಸೆಫ್ ಜೆಲಿನೊ 1950ರ ದಶಕದಲ್ಲಿ ಸುಮಾರಾಗಿ ಇದೇ ದಾರಿ ಹಿಡಿದರು. ಮೂಲ ಹೀಬ್ರೂ ಕವಿತೆಯ ಪೆಟ್ಟುಗಳ ಲೆಕ್ಕ ಬದಲಾಗಬಾರದು, ನಡುವಿನ ಅಕ್ಷರಗಳು ಹೆಚ್ಚುಕಡಿಮೆಯಾದರೆ ಆಗಲಿ, ಜನರಿಗೆ ಸಣ್ಣದೊಂದು ಮರುನುಡಿ ಇರಲಿ. ನಮ್ಮ ನಾಡಿನಲ್ಲೂ 1967ರಲ್ಲಿ ಶುರುವಾದ ಬೆಂಗಳೂರಿನ ಎನ್.ಬಿ.ಸಿ.ಎಲ್.ಸಿ. ಎಂಬ ಕಥೋಲಿಕ ಕೇಂದ್ರ ಭಜನೆಯ ಕ್ರಮವನ್ನು ಪೂಜೆಯೊಳಗೆ ತಂದಾಗ ಪರ ವಿರೋಧ ಎರಡೂ ಜೋರಾಗಿದ್ದವು. ಮರಾಠಿಯಲ್ಲಿ ನಾರಾಯಣ ವಾಮನ ತಿಲಕರು ಅಭಂಗದ ಧಾಟಿಯಲ್ಲಿ, ತಂಜಾವೂರಿನ ವೇದನಾಯಗಂ ಶಾಸ್ತ್ರಿಗಳು ಕರ್ನಾಟಕ ರಾಗಗಳಲ್ಲಿ ಕ್ರಿಸ್ತನನ್ನು ಹಾಡಿ ಎಷ್ಟೋ ಕಾಲವಾಯಿತು. ಆದ್ದರಿಂದ ‘ಇದು ಹೊಸ ಪದ್ಧತಿ’ ಎಂದು ನಿಮ್ಮ ಸಭೆಯಲ್ಲಿ ಯಾರಾದರೂ ಗೊಣಗಿದರೆ ಸುಮ್ಮನೆ ನಕ್ಕುಬಿಡಿ.

ಕ್ರಿಸ್ಮಸ್ಸಿಗೆ ನಿಮಗೆ ನನ್ನ ಸಹಾಯ ಬೇಡ. ಆ ರಾತ್ರಿ ಜನ ಹಳೆಯ ಹಾಡುಗಳನ್ನೇ ಕೇಳುತ್ತಾರೆ, ಕೇಳಲಿ. 98ನೆಯ ಕೀರ್ತನೆಗೆ ಒಂದು ಸಣ್ಣ ಪಲ್ಲವಿ ಮಾಡಿಟ್ಟುಕೊಂಡು ಜನವರಿ 6ರ ಪ್ರಕಟನ ಹಬ್ಬದವರೆಗೆ ಎಳೆಯಿರಿ. ಹಿಮ ಬೀಳುವ ಸಾಲುಗಳನ್ನು ಮಾತ್ರ ದಯವಿಟ್ಟು ಅನುವಾದಿಸಬೇಡಿ.

ನಿಮ್ಮ ಯುವಕರು ತರುವ ಹಾಡುಗಳ ಬಗ್ಗೆ ನನಗಿರುವ ತಕರಾರು ಗಿಟಾರಿನದ್ದಲ್ಲ, ಡ್ರಮ್ಮಿನದ್ದೂ ಅಲ್ಲ. ಅವುಗಳಲ್ಲಿ ಈಸ್ಟರಿಗೆ ಮುಂಚಿನ ಉಪವಾಸದ ಲೆಂಟ್ ಕಾಲವೇ ಇಲ್ಲ. ವರ್ಷವಿಡೀ ಗೆಲುವು, ವರ್ಷವಿಡೀ ಸ್ತುತಿ. 150 ಕೀರ್ತನೆಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗೋಳು, ದೂರು, ಜಗಳ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ. ಬೆಳೆ ಕಳೆದುಕೊಂಡವರು, ಆಸ್ಪತ್ರೆಯಿಂದ ನೇರವಾಗಿ ಆರಾಧನೆಗೆ ಬಂದವರು ನಿಮ್ಮ ಎಂಬತ್ತು ಜನರಲ್ಲಿ ಪ್ರತಿ ವಾರವೂ ಇರುತ್ತಾರೆ. ಅವರ ಬಾಯಿಗೆ ಒಂದು ಸಾಲು ಬೇಡವೇ? ದೇವರೊಡನೆ ಜಗಳ ಕನ್ನಡದ ಭಕ್ತರಿಗೆ ಹೊಸದಲ್ಲ, ದಾಸರ ನಿಂದಾಸ್ತುತಿಗಳಿವೆ. ಆದರೆ ಒಂದು ವ್ಯತ್ಯಾಸ ಗಮನಿಸಿ: ನಿಂದಾಸ್ತುತಿಯ ಬೈಗುಳದೊಳಗೆ ಸಲಿಗೆಯ ನಗೆ ಇರುತ್ತದೆ, ಗೋಳಿನ ಕೀರ್ತನೆಯಲ್ಲಿ ಅದಿಲ್ಲ. ಆ ಧಾಟಿಯನ್ನು ಇಲ್ಲಿಗೆ ತಂದರೆ ಮಾತು ಹಗುರವಾಗುತ್ತದೆ.

130ನೆಯ ಕೀರ್ತನೆಗೆ ನಾನು ಮೊದಲು ಬರೆದ ಪಲ್ಲವಿ ‘ಆಳದಿಂದ ಕೂಗಿಕೊಂಡೆ, ದನಿಯ ಕೇಳು ಕರ್ತನೆ’. ಕಾಗದದ ಮೇಲೆ ಚೆನ್ನಾಗಿತ್ತು. ಹಾಡಿದಾಗ ಮೂರು ಮೂರು ಮಾತ್ರೆಯ ನಡೆ ಮಕ್ಕಳ ಕುಣಿತದ ಹಾಡಾಯಿತು; ಆಳದಲ್ಲಿ ಬಿದ್ದವನು ಉಯ್ಯಾಲೆ ಆಡುತ್ತಿರುವ ಹಾಗೆ. ಮಾತು ಬದಲಿಸಲಿಲ್ಲ, ತಾಳವನ್ನೇ ತೆಗೆದುಹಾಕಿದೆ. ಈಗ ಲೆಂಟ್ ಕಾಲದ ಪಲ್ಲವಿಯನ್ನು ಎಲ್ಲರೂ ಗಮಕದ ಹಾಗೆ ನಿಧಾನವಾಗಿ ಹೇಳುತ್ತೇವೆ, ನಾದನಾಮಕ್ರಿಯೆಯ ಕೆಳಗಿನ ಸ್ವರಗಳಲ್ಲಿ. ‘ಹಲ್ಲೆಲೂಯಾ’ ಎಂಬ ಪದವನ್ನು ಈ ನಲವತ್ತು ದಿನ ಎಲ್ಲಿಯೂ ಎತ್ತದಿರುವುದು ಪಶ್ಚಿಮದ ಸಭೆಗಳ ಹಳೆಯ ವಾಡಿಕೆ. ಯುವಕರಿಗೆ ಮೊದಲು ಕಷ್ಟವಾಗುತ್ತದೆ. ಈಸ್ಟರ್ ಬೆಳಗ್ಗೆ ಆ ಪದ ಮರಳಿ ಬಂದಾಗ ಅವರೇ ಎಲ್ಲರಿಗಿಂತ ಜೋರಾಗಿ ಹಾಡುತ್ತಾರೆ.

ಶುಭ ಶುಕ್ರವಾರ 22ನೆಯ ಕೀರ್ತನೆಗೆ ರಾಗ ಹಾಕಲೇಬೇಡಿ. ತಂಬೂರಿಯ ಶ್ರುತಿ ಮಾತ್ರ ಇರಲಿ. ‘ನನ್ನ ದೇವರೇ, ನನ್ನ ದೇವರೇ’ ಎಂದು ಒಬ್ಬರು ಓದಲಿ, ಮುಂದಿನದನ್ನು ಸಭೆ ಮೆಲ್ಲಗೆ ಹೇಳಲಿ. 22ನೆಯ ವಚನದಿಂದ ಕೀರ್ತನೆ ಸ್ತುತಿಯ ಕಡೆ ತಿರುಗುತ್ತದೆ. ಹಾರ್ಮೋನಿಯಂ ಅಲ್ಲಿ ಬರಬಹುದು, ಬರದಿದ್ದರೂ ಆದೀತು.

ಈಸ್ಟರಿಗೆ 118. ಮೂರು ವರ್ಷಗಳ ಪಟ್ಟಿಯಲ್ಲಿ ಪ್ರತಿ ವರ್ಷವೂ ಇದೇ, ಆದ್ದರಿಂದ ಇಲ್ಲಿ ಪಟ್ಟ ಶ್ರಮ ವ್ಯರ್ಥವಾಗುವುದಿಲ್ಲ. ‘ಕರ್ತನು ತಂದಿಹ ದಿನವಿದು ಬನ್ನಿರಿ’: ನಾಲ್ಕರ ನಾಲ್ಕು ಗಣ, ನೇರವಾಗಿ ಆದಿ ತಾಳ, ಮೋಹನ ರಾಗ. ಇಲ್ಲಿ ಡ್ರಮ್ ಬಾರಿಸುವ ಹುಡುಗನಿಗೆ ಪೂರ್ತಿ ಸ್ವಾತಂತ್ರ್ಯ ಕೊಡಿ. ಆರು ವಾರ ಕೈಕಟ್ಟಿ ಕೂತಿದ್ದಾನೆ.

ಪೆಂತೆಕೊಸ್ತು ನನಗೆ ಎಲ್ಲಕ್ಕಿಂತ ಪ್ರಿಯ. ಈಸ್ಟರಿನ ದಿನ ಚಂದ್ರನ ಲೆಕ್ಕದಿಂದ ಜರುಗುವುದರಿಂದ ಈ ಹಬ್ಬವೂ ಮೇ 10ರಿಂದ ಜೂನ್ 13ರವರೆಗೆ ಓಡಾಡುತ್ತದೆ. ಮಲೆನಾಡಿನವರಾದ ನಿಮಗೆ ಆ ದಿನಗಳು ಗೊತ್ತು. ಮೊದಲು ಧಗೆ, ಆಮೇಲೆ ಗುಡುಗು, ಆಮೇಲೆ ಮುಂಗಾರು. ಯೂರೋಪಿನವರಿಗೆ ಇಲ್ಲದ ಭಾಗ್ಯ ಇದು. ಅಂದಿನ 104ನೆಯ ಕೀರ್ತನೆ ಬೆಟ್ಟಗಳಿಗೆ ಮೇಲಿನಿಂದ ನೀರೆರೆಯುವವನನ್ನು ಹೊಗಳುತ್ತದೆ, ಆತ್ಮವನ್ನು ಕಳುಹಿಸಿ ಭೂಮಿಯನ್ನು ಹೊಸದಾಗಿಸು ಎನ್ನುತ್ತದೆ. ನನ್ನ ಸಾಲು:

ಕಳಿಸು ನಿನ್ನಾತ್ಮವನು, ಹೊಸತಾಗಲೀ ನೆಲವು.

ಐದೈದು ಮಾತ್ರೆ, ಖಂಡ ಛಾಪು. ‘ಹೊಸತಾಗಲೀ ನೆಲವು’ ಎನ್ನುವಲ್ಲಿ ಬಿಡಿಸಿದರೆ ‘ಹೊಸತಾಗಲಿ ಈ ನೆಲವು’. ಸಂಧಿ ತಾನಾಗಿಯೇ ಕೊಟ್ಟ ಈ ‘ಈ’ ನನಗೆ ತುಂಬ ಇಷ್ಟ. ಎಲ್ಲಿಯದೋ ನೆಲವಲ್ಲ, ನಿಮ್ಮ ಅಡಿಕೆ ತೋಟದ ನೆಲ. ಮಳೆ ಎಂದೊಡನೆ ಅಮೃತವರ್ಷಿಣಿಯ ಆಸೆ ಹುಟ್ಟುತ್ತದೆ. ಬೀಳಬೇಡಿ. ಅದರ ಪ್ರತಿಮಧ್ಯಮವನ್ನು ಎಂಬತ್ತು ಜನರ ಬಾಯಲ್ಲಿ ಒಂದೇ ಕಡೆ ನಿಲ್ಲಿಸಲು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು. ಶುದ್ಧ ಸಾವೇರಿ ಸಾಕು.

ಉಳಿದ ಅರ್ಧ ವರ್ಷಕ್ಕೆ ಎರಡು ಪಲ್ಲವಿ ಮಾಡಿಕೊಳ್ಳಿ, 103ಕ್ಕೆ ಒಂದು, ಸುಗ್ಗಿಯ ಹಬ್ಬಕ್ಕೆ ಹೊಂದುವಂತೆ 126ಕ್ಕೆ ಒಂದು. ಅಳುತ್ತ ಬಿತ್ತಿ ಹಾಡುತ್ತ ಕೊಯ್ಯುವ ಆ ಕೀರ್ತನೆಗೆ ನಿಮ್ಮೂರಿನ ನಾಟಿ ಪದದ ಧಾಟಿ ಸಿಕ್ಕರೆ ಶಾಸ್ತ್ರೀಯ ರಾಗದ ಗೊಡವೆಯೇ ಬೇಡ. ಗದ್ದೆಗೆ ಇಳಿದ ಅಜ್ಜಿಯರು ಯಾರಾದರೂ ಇದ್ದರೆ ಹೋಗಿ ಕೇಳಿ.

ಪಲ್ಲವಿಯ ಹರವು ಕೆಳಗಿನ ಪಂಚಮದಿಂದ ಮೇಲಿನ ಪಂಚಮ ದಾಟದಿರಲಿ. ಶ್ರುತಿ ಹಾರ್ಮೋನಿಯಂನ ಬಿಳಿ ಒಂದು ಅಥವಾ ಕಪ್ಪು ಒಂದು. ಗಂಡಸರು ಹೆಂಗಸರು ಒಟ್ಟಿಗೆ ಹಾಡುವಾಗ ಅದಕ್ಕಿಂತ ಏರಿಸಿದರೆ ಹಿಂದಿನ ಬೆಂಚುಗಳು ಮೌನವಾಗುತ್ತವೆ. ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ಸಂಗತಿಗಳನ್ನು ಹಾಕುವ ಚಪಲ ನಿಮಗೆ ಬಂದೇ ಬರುತ್ತದೆ, ಜೂನಿಯರ್ ಪಾಸಾದವರಿಗೆಲ್ಲ ಬರುತ್ತದೆ. ಚರಣಗಳ ಗಮಕದಲ್ಲಿ ತೀರಿಸಿಕೊಳ್ಳಿ, ಪಲ್ಲವಿಯಲ್ಲಿ ಬೇಡ. ಕೀಬೋರ್ಡಿನವರಿಗೆ ಇದು ಮೊದಲಿಗೆ ರುಚಿಸುವುದಿಲ್ಲ. ಪ್ರತಿ ಸ್ವರಕ್ಕೂ ಒಂದೊಂದು ಕಾರ್ಡ್ ಬದಲಿಸಿ ಅಭ್ಯಾಸವಾದ ಕೈ ಅದು, ನಾದನಾಮಕ್ರಿಯೆಯಂಥ ರಾಗದಲ್ಲಿ ಹಾಗೆ ಮಾಡಿದರೆ ರಾಗವೇ ಸಾಯುತ್ತದೆ. ಷಡ್ಜ ಪಂಚಮ ಮಾತ್ರ ಒತ್ತಿ ಹಿಡಿಯಲು ಹೇಳಿ. ಗಿಟಾರಿನ ಹುಡುಗ ಮೂತಿ ಉಬ್ಬಿಸಿದರೆ, ರಾಕ್ ಸಂಗೀತದವರು ದಿನವೂ ನುಡಿಸುವ ಪವರ್ ಕಾರ್ಡ್ ಎಂದರೆ ಇದೇ ಸ–ಪ ಎಂದು ನೆನಪಿಸಿ.

ಒಂದು ವ್ಯವಹಾರದ ಮಾತು. ಯುವಕರು ಈಚಿನ ಹಾಡುಗಳನ್ನು ಕನ್ನಡಿಸಿ ಮೊಬೈಲಿನಲ್ಲಿ ಹರಿಯಬಿಡುತ್ತಿದ್ದರೆ ಅನುಮತಿ ಕೇಳಲು ಹೇಳಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಕೃತಿಕಾರ ತೀರಿಕೊಂಡು 60 ವರ್ಷ ಆಗುವವರೆಗೆ ಅನುವಾದದ ಹಕ್ಕೂ ಅವನದೇ, ಅವನ ವಾರಸುದಾರರದೇ. ಕೀರ್ತನೆಯ ಅರ್ಥವನ್ನು ನಿಮ್ಮ ಸ್ವಂತ ಮಾತಿನಲ್ಲಿ ಕಟ್ಟಿದ ಪಲ್ಲವಿಗೆ ಈ ರಗಳೆ ಇಲ್ಲ. ಮೇಲಿನ ನನ್ನ ಸಾಲುಗಳನ್ನೂ ಬೇಕಿದ್ದರೆ ಬಳಸಿ, ತಿದ್ದಿ, ನಿಮ್ಮೂರಿನ ನಾಲಿಗೆಗೆ ಒಗ್ಗಿಸಿಕೊಳ್ಳಿ.

ಮೊದಲ ಪಲ್ಲವಿಯನ್ನು ನವೆಂಬರಿನ ಎರಡು ವಾರ ಆರಾಧನೆ ಶುರುವಾಗುವ ಮುಂಚೆ ಐದೈದು ನಿಮಿಷ ಕಲಿಸಿ. ಕಾಗದ ಹಂಚಬೇಡಿ, ಪರದೆಯ ಮೇಲೂ ತೋರಿಸಬೇಡಿ. ನೀವು ಒಂದು ಸಾಲು, ಅವರು ಒಂದು ಸಾಲು. ಮಕ್ಕಳಿಗೆ ಮೊದಲು ಕಲಿಸಿ. ‘ಬೆಳಗಿಸು’ವನ್ನು ಎಲ್ಲಿಯಾದರೂ ಎಳೆದು ಕೆಡಿಸಿದ್ದರೆ ಮೊದಲು ನಗುವವರು ಅವರೇ.